ಆರರ ಬಾಲ

ತಂಗಿ ಅಕ್ಕನ ಟವೆಲನ್ನೇ ತೆಗೆದುಕೊಂಡು ಸ್ನಾನಕ್ಕೆ ಹೋಗಿದ್ದಾಳೆಂದು ತಿಳಿದಾಗ ಬಂದ ಸಿಟ್ಟು ಟವೆಲಿಗಾಗಿ ಬಂದದ್ದಲ್ಲ ಎಂಬುದು ಅಕ್ಕನಿಗೇ ಗೊತ್ತಿತ್ತು. ಬಚ್ಚಲಿನಿಂದ ನೀರಿನ ಸದ್ದಿನ ನಡುವೆ ತಂಗಿಯ ದನಿ ಕೇಳುತ್ತಿತ್ತು. ಬೇರೆಯವರು ಸ್ನಾನ ಮಾಡುವಾಗ ಹಾಡುತ್ತಾರೆ. ಇವಳು ಅಂಕೆ ಹೇಳುತ್ತಿದ್ದಳು. ಮೂರು ಐದು ಏಳು, ಆರು ಎಂಟು ಆರು, ಮೂರು ಒಂದು ಎರಡು. ಊಟದ ಮೇಜಿನ ಬಳಿ ಕೂತಿದ್ದ ಅಪ್ಪ ಪೇಪರು ಮಡಚಿಟ್ಟು, ತಲೆ ಒಂದು ಕಡೆಗೆ ವಾಲಿಸಿ, ದೂರದ ಮನೆಯ ರೇಡಿಯೊ ಕೇಳುವವರ ಹಾಗೆ ಅದನ್ನು ಕೇಳುತ್ತಿದ್ದರು. ಆ ವಾಲಿದ ತಲೆಯನ್ನು ನೋಡುತ್ತ ಅಕ್ಕ ಹಾಲು ಉಕ್ಕಿಸಿಬಿಟ್ಟಳು. ಒಲೆ ಒರೆಸುವಾಗ ಪ್ರಿನ್ಸಿಪಾಲರ ಮಾತು ಮತ್ತೆ ನೆನಪಾಯಿತು. "ಅವರು ನಿಮ್ಮ ತಂಗಿ ಅಂತ ಗೊತ್ತೇ ಇರಲಿಲ್ಲ ಮೇಡಂ. ಒಂಚೂರೂ ಹೋಲಿಕೆ ಇಲ್ಲವಲ್ಲ." ಮುಖದ ಹೋಲಿಕೆಯ ಮಾತೇ ಇದ್ದೀತು. ಆದರೆ ಹೇಳಿದ ಮೇಲೆ ಪ್ರಿನ್ಸಿಪಾಲರು ತಡವರಿಸಿ, ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿಂದಿತ್ತ ಇಟ್ಟರು. ಆ ತಡವರಿಕೆಯೇ ಅವಳಿಗೆ ಚುಚ್ಚಿತು. ಅದೇ ಕಾಲೇಜಿನಲ್ಲಿ ಅವಳು ಗಣಿತ ಹೇಳಿಕೊಡಲು ಶುರುಮಾಡಿದಾಗ ಹಾಕಿದ್ದ ಕಿಟಕಿಯ ಬಣ್ಣ ಈಗ ಎರಡು ಸಲ ಬದಲಾಗಿದೆ. ಅವಳನ್ನು ಯಾರೂ ಸಭಾಂಗಣದಲ್ಲಿ ಮಾತಾಡಿ ಎಂದು ಕೇಳಿರಲಿಲ್ಲ. ಇವತ್ತಿನ ಗಣಿತದ ಉಪನ್ಯಾಸಕ್ಕೆ ತಂಗಿಯನ್ನು ಕರೆಸಲು ಮಾತ್ರ ಎರಡು ಪತ್ರ ಬರೆದರು, ರೈಲಿನ ಟಿಕೆಟ್ಟನ್ನೂ ಕಳಿಸಿದರು.

ತಲೆಗೆ ಟವೆಲು ಸುತ್ತಿಕೊಂಡು ಬಂದ ತಂಗಿ ಅಪ್ಪನ ಎದುರಿಗೆ ಕೂತು, ಅವರ ಪೇಪರಿನ ಅಂಚಿನಲ್ಲೇ ಪೆನ್ನಿನಿಂದ ಗೀಚತೊಡಗಿದಳು. 357686312646216567629137. ಅವಳ ಅಕ್ಷರ ಚಿಕ್ಕಂದಿನಿಂದಲೂ ಕಾಗೆಯ ಕಾಲು. "ನೋಡಪ್ಪ, ಇಪ್ಪತ್ತನಾಲ್ಕು ಅಂಕೆ. ಇದು ಅವಿಭಾಜ್ಯ. ಒಂದು ಬಿಟ್ಟರೆ ಇದು, ಇದು ಬಿಟ್ಟರೆ ಒಂದು, ಇನ್ಯಾವುದರಿಂದಲೂ ಭಾಗ ಆಗಲ್ಲ. ಅದೇನು ದೊಡ್ಡ ವಿಷಯ ಅಲ್ಲ ಬಿಡು. ಈಗ ಎಡತುದೀಲಿರೋ ಮೂರನ್ನ ಕಿತ್ತು ಹಾಕು. ಉಳಿದದ್ದೂ ಅವಿಭಾಜ್ಯ. ಐದನ್ನ ಕೀಳು, ಆಗಲೂ ಅಷ್ಟೇ. ಹೀಗೇ ಕೀಳ್ತಾ ಹೋದ್ರೆ ಕೊನೆಗೆ 137, ಆಮೇಲೆ 37, ಆಮೇಲೆ ಬರೀ 7. ಎಲ್ಲೂ ಕೆಡಲ್ಲ."

"ಅಂದ್ರೆ ತಲೆ ಹೋದ್ರೂ ಬುದ್ಧಿ ಹೋಗಲ್ಲ ಅನ್ನು," ಎಂದರು ಅಪ್ಪ.

ತಂಗಿ ಮೇಜು ಬಡಿದು ನಕ್ಕಳು. "ಇದನ್ನ ಇವತ್ತು ಅಲ್ಲಿ ಹೇಳ್ತೀನಿ, ನಮ್ಮಪ್ಪ ಹೇಳಿದ್ದು ಅಂತ. ಇನ್ನೊಂದು ಕೇಳು. ಸೊನ್ನೆ ಬಳಸದೆ ಕಟ್ಟಿದ ಇಂಥ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದರ ಮುಂದೆ ಒಂದರಿಂದ ಒಂಬತ್ತರ ತನಕ ಯಾವ ಅಂಕೆ ತಂದು ಕೂರಿಸಿದ್ರೂ ಕೆಟ್ಟುಹೋಗುತ್ತೆ. ಇಲ್ಲಿಗೆ ಮುಗೀತು."

ಅಕ್ಕ ಲೋಟಗಳನ್ನು ತಂದಿಟ್ಟಳು. ಈ ಸಂಖ್ಯೆ ಅವಳಿಗೆ ಹೊಸದಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಯಾರೂ ಮುಟ್ಟದ ಹಳೆಯ ಪತ್ರಿಕೆಗಳ ಕಟ್ಟಿನೊಳಗೆ, ಪಾಠವಿಲ್ಲದ ಒಂದು ಮಧ್ಯಾಹ್ನ, ಅವಳು ಇದನ್ನು ಕಂಡಿದ್ದಳು. ಬೆನ್ನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟ ಹಾಗಾಗಿತ್ತು ಆಗ. ಯಾರಿಗೂ ಹೇಳಿರಲಿಲ್ಲ. ಬಸ್ಸಿಗೆ ಕಾಯುವಾಗ, ದಂತವೈದ್ಯರ ಬೆಂಚಿನ ಮೇಲೆ, ಪರೀಕ್ಷೆಯ ಕೊಠಡಿಯಲ್ಲಿ ಸುಮ್ಮನೆ ತಿರುಗುವಾಗ ಅದನ್ನು ಮನಸ್ಸಿನಲ್ಲೇ ಉರು ಹೊಡೆದುಕೊಂಡು, ಒಂದೊಂದೇ ಅಂಕೆ ಕಳಚುತ್ತ ಏಳರವರೆಗೆ ಇಳಿಯುತ್ತಿದ್ದಳು. ಅದು ತನ್ನದು ಎಂದು ಅಂದುಕೊಂಡದ್ದು ಮೂರ್ಖತನ. ಸಂಖ್ಯೆ ಯಾರಪ್ಪನ ಮನೆಯ ಸೊತ್ತೂ ಅಲ್ಲ. ಆದರೂ ಇಷ್ಟು ಸಂಖ್ಯೆಗಳಿರುವಾಗ ಇವಳಿಗೆ ಇದೇ ಬೇಕಾಗಿತ್ತೆ? ನಾನೂ ಇದನ್ನು ಬಲ್ಲೆ ಎಂದು ಈಗ ಹೇಳಬಹುದಿತ್ತು. ಹೇಳಿದರೆ ತಂಗಿ ಕಣ್ಣರಳಿಸಿ "ಹೌದಾ ಅಕ್ಕ! ಯಾಕೆ ಹೇಳಲೇ ಇಲ್ಲ?" ಎನ್ನುತ್ತಾಳೆ, ಆ ಸಂತೋಷ ನಿಜವಾದದ್ದೇ ಆಗಿರುತ್ತದೆ, ಅದನ್ನೂ ಸಹಿಸಬೇಕಾಗುತ್ತದೆ. ಅಕ್ಕ ಸಕ್ಕರೆ ಕಲಕಿದಳು.

ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಸಂಜೆ ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದು ನಡೆಸಿಕೊಂಡು ಬರುವಾಗ ರಸ್ತೆಯಲ್ಲಿ ಹೋಗುವ ಗಾಡಿಗಳ ನಂಬರು ಓದಿ "ಎರಡು ಸಾವಿರದ ನಾನೂರ ತೊಂಬತ್ತೊಂದು, ಒಡೀರಿ ನೋಡೋಣ" ಎನ್ನುತ್ತಿದ್ದರು. ಗಾಡಿ ತಿರುವು ದಾಟುವುದರೊಳಗೆ ತಂಗಿ "ನಲವತ್ತೇಳು, ಐವತ್ತಮೂರು!" ಎಂದು ಕೂಗಿಬಿಡುತ್ತಿದ್ದಳು. ಅಕ್ಕನಿಗೂ ಅದು ಹೊಳೆದಿರುತ್ತಿತ್ತು. ಹೊಳೆದದ್ದನ್ನು ಇನ್ನೊಮ್ಮೆ ಗುಣಿಸಿ ಸರಿನೋಡಿಕೊಳ್ಳುವ ಹೊತ್ತಿಗೆ ಗೆಲುವು ಅಪ್ಪನ ಇನ್ನೊಂದು ಕೈಯ ಕಡೆ ಹೋಗಿರುತ್ತಿತ್ತು. ತಂಗಿ ಎಷ್ಟೋ ಸಲ ತಪ್ಪು ಹೇಳುತ್ತಿದ್ದಳು; ಅದಕ್ಕೆ ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು. ಅಕ್ಕ ಎಂದೂ ತಪ್ಪು ಹೇಳಲಿಲ್ಲ. ಮನೆಗೆ ಬಂದವರ ಮುಂದೆ ಅಪ್ಪ ಮಕ್ಕಳನ್ನು ತೋರಿಸುತ್ತಿದ್ದ ಬಗೆಯೂ ಒಂದೇ. "ಪುಟ್ಟೀದು ತಲೆ ನೋಡಿ, ಚೂರಿ. ದೊಡ್ಡೋಳ ಅಕ್ಷರ ನೋಡಿ, ಮುತ್ತು." ಬಂದವರು ತಂಗಿಗೆ ಲೆಕ್ಕ ಕೇಳುತ್ತಿದ್ದರು, ಅಕ್ಕನ ಕಾಪಿ ಪುಸ್ತಕ ತಿರುವಿ ಹಾಕಿ ಕೆಳಗಿಡುತ್ತಿದ್ದರು. "ಅಕ್ಕ, ಸಂಖ್ಯೇನ ಬೋರ್ಡಿನ ಮೇಲೆ ನೀನೇ ಬರೀಬೇಕು. ನಾನು ಬರೆದ್ರೆ ಇರುವೆ ಸಾಲು ಆಗುತ್ತೆ," ಎಂದಳು ತಂಗಿ ಈಗ, ಒದ್ದೆ ಟವೆಲನ್ನು ಕುರ್ಚಿಯ ಬೆನ್ನಿಗೆ ಎಸೆಯುತ್ತ. ಅಪ್ಪ ತಲೆಯಾಡಿಸಿದರು. "ಮತ್ತೆ? ಅದೇನಿದ್ರೂ ಅವಳೇ ಸೈ."

ಸಭಾಂಗಣ ಇನ್ನೂ ಖಾಲಿಯಿತ್ತು. ಯಾರೋ ನೆಲ ಒರೆಸಿ ಹೋಗಿದ್ದರು, ಬೆಂಚುಗಳ ಕೆಳಗೆ ಒದ್ದೆ ಆರಿರಲಿಲ್ಲ. ತಂಗಿ ಕಣ್ಣು ಮುಚ್ಚಿಕೊಂಡು ಬೆಂಚುಗಳ ನಡುವೆ ಓಡಾಡುತ್ತ ಒಂದೊಂದೇ ಅಂಕೆ ಹೇಳಿದಳು, ಅಕ್ಕ ಬರೆದಳು. ಹೊಸ ಸೀಮೆಸುಣ್ಣ ಕಿರುಗುಟ್ಟಿದಾಗ ಅದನ್ನು ಅರ್ಧಕ್ಕೆ ಮುರಿದುಕೊಂಡಳು. ದುಂಡಗೆ, ನೆಟ್ಟಗೆ, ಒಂದರ ನೆತ್ತಿ ಇನ್ನೊಂದರ ನೆತ್ತಿಗೆ ಸಮನಾಗಿ, ಇಡೀ ಕರಿಹಲಗೆಯ ಉದ್ದಕ್ಕೆ. ಬರೆಯುವಾಗ ಅಂಕೆಗಳನ್ನು ಕೂಡುತ್ತ ಹೋಗುವುದು ಅವಳ ಕೈಗೆ ಅಂಟಿದ ಅಭ್ಯಾಸ. ಕೊನೆಯ ಏಳನ್ನು ಬರೆದಾಗ ಮೊತ್ತ ನೂರಾ ಹನ್ನೆರಡಾಗಿ ನಿಂತಿತು. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಸರಿ. ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲಿ ಕಾಣಿಸಿಕೊಂಡು, ಎರಡೂ ಕೈ ಚಾಚಿ, "ಬನ್ನಿ ಬನ್ನಿ, ಎಲ್ಲರೂ ನಿಮ್ಮನ್ನ ನೋಡೋಕೆ ಕಾಯ್ತಿದಾರೆ," ಎಂದು ತಂಗಿಯನ್ನು ಕರೆದೊಯ್ದರು. ಬಾಗಿಲ ತನಕ ಹೋದ ತಂಗಿ ಬೋರ್ಡಿನ ಕಡೆ ಒಂದು ಸಲ ತಿರುಗಿ, ಓದದೆ, ಬರೀ ಅದರ ಅಂದ ನೋಡಿ, "ಎಷ್ಟು ಚೆನ್ನಾಗಿದೆ ಅಕ್ಕ," ಎಂದಳು. "ಮೇಡಂ, ನೀವು ಡಸ್ಟರ್ ಒಂದು ತರಿಸಿಡಿ," ಎಂದರು ಪ್ರಿನ್ಸಿಪಾಲರು ಅಕ್ಕನಿಗೆ.

ಡಸ್ಟರು ಅಲ್ಲೇ ಇತ್ತು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ತಾನು ಬರೆದದ್ದನ್ನು ನೋಡಿದಳು. ಎಷ್ಟೋ ಮಧ್ಯಾಹ್ನ ತನ್ನ ಜೊತೆ ಇದ್ದ ಸಂಖ್ಯೆ ಈಗ ತನ್ನದೇ ಅಕ್ಷರದಲ್ಲಿ, ಬೇರೆಯವಳ ಮಾತಿಗಾಗಿ ಸಿಂಗರಿಸಿಕೊಂಡು ನಿಂತಿತ್ತು. ಇನ್ನೆರಡು ಸೇರಿದರೆ ನೂರಾ ಹದಿನಾಲ್ಕು. ನೂರಾ ಹದಿನಾಲ್ಕು ಮೂರರಿಂದ ಭಾಗವಾಗುತ್ತದೆ. ಅಂಕೆಗಳ ಮೊತ್ತ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆರಕ್ಕೂ ಎಂಟಕ್ಕೂ ನಡುವೆ ಎರಡೇ. ತಾನು ಯೋಚಿಸುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ. ಒಳಗೆ ಯಾವುದೋ ಲೆಕ್ಕ ತಾನಾಗಿಯೇ ನಡೆಯುತ್ತಿತ್ತು. ಏಳು ಆರುಗಳಿದ್ದವು. ನಟ್ಟನಡುವಿನ ನಾಲ್ಕರ ಬಲಪಕ್ಕದಲ್ಲಿದ್ದ ಆರರ ಬಳಿಗೆ ಹೋಗಿ, ಅದರ ಮೇಲೆದ್ದ ಬಾಲವನ್ನು ಸೀಮೆಸುಣ್ಣದಿಂದ ಒಳಕ್ಕೆ ಮಡಚಿ, ಕೆಳಗಿನ ಗುಂಡಿಗೆ ಕೂಡಿಸಿದಳು. ಚೆನ್ನಾದ ಎಂಟಾಯಿತು. ಬೆರಳಿನ ಪುಡಿಯನ್ನು ಒರೆಸಿಕೊಂಡು ಹೊರಗೆ ಬಂದು, ಕಾರಿಡಾರಿನ ನಲ್ಲಿಯಲ್ಲಿ ಕೈ ತೊಳೆದಳು. ಸೋಪು ಇರಲಿಲ್ಲ. ತಿರುಗಿ ಹೋಗಿ ಅಳಿಸಲು ಬೇಕಾದಷ್ಟು ಹೊತ್ತಿತ್ತು. ನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಲು ಅದನ್ನು ಬಿಗಿಯಾಗಿ ತಿರುಗಿಸುತ್ತ, ಅದು ನಿಲ್ಲದೆ ಇನ್ನೂ ತಿರುಗಿಸುತ್ತ, ಜನ ಒಳಗೆ ಹೋಗುವ ಸದ್ದು ಕೇಳುವವರೆಗೆ ಅಲ್ಲೇ ನಿಂತಳು.

ಅಪ್ಪ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಅವರ ಹಿಂದೆ ಕೆಮಿಸ್ಟ್ರಿಯ ಮೇಷ್ಟ್ರು. ಹುಡುಗರು ಅವರಿಗೆ ಗ್ಯಾಸ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು, ಅದು ಅವರ ವಿಷಯಕ್ಕೋ ಮಾತಿಗೋ ಎಂಬುದು ಇತ್ಯರ್ಥವಾಗಿರಲಿಲ್ಲ. ಅಕ್ಕ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಳು. ತಂಗಿ ಮೈಕನ್ನು ಪಕ್ಕಕ್ಕೆ ತಳ್ಳಿ, ಬೋರ್ಡಿನ ಮುಂದೆ ನಿಂತು, ಮನೆಯಲ್ಲಿ ಮಾತಾಡುವ ಹಾಗೇ ಶುರುಮಾಡಿದಳು. ಎಲ್ಲರಿಗೂ ಬೇಕಾದವಳಾಗಲು ಅವಳಿಗೆ ಎರಡು ವಾಕ್ಯ ಸಾಕಾಯಿತು. "ದೊಡ್ಡ ಸಂಖ್ಯೆ ಅಂತ ಹೆದರಬೇಡಿ. ನೀವೇ ಪರೀಕ್ಷೆ ಮಾಡಿ. ಎರಡರಿಂದ ಭಾಗ ಆಗುತ್ತಾ? ಕೊನೇಲಿ ಏಳಿದೆ, ಆಗಲ್ಲ. ಐದರಿಂದ? ಅದೂ ಆಗಲ್ಲ. ಮೂರರಿಂದ? ಅಂಕೆಗಳನ್ನೆಲ್ಲ ಕೂಡಿ ಹೇಳಿ ನೋಡೋಣ, ಯಾರು ಮೊದಲು?" ಸಭಾಂಗಣದ ತುಂಬ ಪಿಸುಪಿಸು ಎದ್ದಿತು. ಅಕ್ಕ ತನ್ನ ಉಗುರುಗಳನ್ನು ನೋಡಿಕೊಂಡಳು. ಒಂದರ ಸಂದಿಯಲ್ಲಿ ಬಿಳಿ ಇನ್ನೂ ಇತ್ತು.

"ನೂರಾ ಹದಿನಾಲ್ಕು!" ಎಂದು ಗ್ಯಾಸ್ ಮೇಷ್ಟ್ರು ಎದ್ದು ನಿಂತರು. "ಮೂರು ಮೂವತ್ತೆಂಟಲಿ ನೂರಾ ಹದಿನಾಲ್ಕು. ಏನ್ ಮೇಡಂ, ನಿಮ್ಮ ಮಹಾಸಂಖ್ಯೆ ಪ್ರೈಮರಿ ಸ್ಕೂಲಲ್ಲೇ ಫೇಲಾಯ್ತಲ್ಲ!"

ನಗು ಹಿಂದಿನ ಸಾಲುಗಳಿಂದ ಮುಂದಕ್ಕೆ ಉರುಳಿ ಬಂತು. ಯಾರೋ ಸಿಳ್ಳೆ ಹಾಕಿದರು. ತಂಗಿಯೂ ನಗಲು ಹೊರಟವಳು ಅರ್ಧಕ್ಕೆ ನಿಂತು, ಮನಸ್ಸಿನಲ್ಲೇ ಇನ್ನೊಮ್ಮೆ ಕೂಡುತ್ತ, ಬೋರ್ಡಿನ ಕಡೆ ತಿರುಗಿದಳು. ಹಿಂದಿನಿಂದ ಅವಳ ಕಿವಿಗಳು ಕೆಂಪಾಗುವುದು ಅಕ್ಕನಿಗೆ ಕಂಡಿತು. ಇದಕ್ಕಾಗಿ ತಾನು ಎಷ್ಟು ಕಾಲದಿಂದ ಕಾದಿದ್ದೆನೋ ಎನ್ನುವ ಹಾಗೆ ಎದೆಯಲ್ಲಿ ಒಂದು ತಂಪು ಸುಳಿಯಿತು. ಸುಳಿದಷ್ಟೇ ಬೇಗ ಹೋಯಿತು, ಏಕೆಂದರೆ ಅಪ್ಪ ತಲೆ ತಗ್ಗಿಸಿ ಅಂಗಿಯ ಗುಂಡಿ ಹಿಡಿದುಕೊಂಡಿದ್ದರು. ತಂಗಿ ತುಟಿ ಅಲುಗಿಸುತ್ತ ಅಂಕೆಗಳ ಮೇಲೆ ಬೆರಳು ಓಡಿಸಿದಳು. ನಾಲ್ಕರ ಪಕ್ಕ ಬೆರಳು ನಿಂತಿತು. ಅವಳು ತಿರುಗಿ ಅಕ್ಕನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಗಾಡಿಯ ನಂಬರನ್ನು ನೋಡುತ್ತಿದ್ದ ಹಾಗೆ, ಒಡೆದು ಒಳಗೇನಿದೆ ಎಂದು ನೋಡುವ ಹಾಗೆ ನೋಡಿದಳು, ಮತ್ತು ಅಷ್ಟರಲ್ಲೇ ಒಡೆದೂ ಬಿಟ್ಟಳು ಎಂಬುದು ಅಕ್ಕನಿಗೆ ತಿಳಿಯಿತು. ಆಮೇಲೆ ತಂಗಿ ಸಭೆಗೆ ಮುಖ ಮಾಡಿ, "ಕ್ಷಮಿಸಿ, ತಪ್ಪು ನಂದು. ನಾನು ಹೇಳೋವಾಗಲೇ ಬಾಯಿತಪ್ಪಿ ಎಂಟು ಅಂದಿದೀನಿ," ಎಂದು, ಅಂಗೈಯಿಂದಲೇ ಎಂಟನ್ನು ಒರೆಸಿ, ಅಲ್ಲಿ ತನ್ನ ಸೊಟ್ಟ ಆರನ್ನು ಬರೆದಳು. ಅದು ಪಕ್ಕದವುಗಳಿಗಿಂತ ದೊಡ್ಡದಾಗಿ, ಹಲ್ಲುಸಾಲಿನಲ್ಲಿ ಉಬ್ಬಿದ ಹಲ್ಲಿನ ಹಾಗೆ ನಿಂತಿತು. ಗ್ಯಾಸ್ ಮೇಷ್ಟ್ರು "ಹಾಗಾದ್ರೆ ಪಾಸು ಮಾಡಿದೀನಿ" ಎಂದು ಕೂತರು. ಮುಂದೆ ತಂಗಿ ಒಂದೊಂದೇ ಅಂಕೆ ಅಳಿಸುತ್ತ ಮಾತಾಡಿದಳು. ದನಿ ಸ್ವಲ್ಪ ಓಡುತ್ತಿತ್ತು. ಅಪ್ಪನ ತಮಾಷೆ ಹೇಳುವುದನ್ನು ಮರೆತಳು. ಆದರೂ ಬರೀ ಏಳು ಉಳಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಕನೂ ಹೊಡೆದಳು. ತಂಗಿ ಬೈದಿದ್ದರೆ, ನನ್ನ ಅಕ್ಕ ತಪ್ಪು ಬರೆದಿದ್ದಾಳೆ ಎಂದಿದ್ದರೆ, ತಾಳಿಕೊಳ್ಳಬಹುದಿತ್ತು. ಇದೊಂದು ದೊಡ್ಡತನವನ್ನೂ ಅವಳೇ ಬಾಚಿಕೊಂಡಳಲ್ಲ!

ಟೀ ಕುಡಿಯುವಾಗಲೂ, ಬಾಡಿಗೆ ಕಾರಿನಲ್ಲಿ ಮನೆಗೆ ಬರುವಾಗಲೂ ತಂಗಿ ಆ ಮಾತೆತ್ತಲಿಲ್ಲ. ಕಿಟಕಿಯ ಗಾಜು ಇಳಿಸಿ ಹೊರಗೆ ನೋಡುತ್ತಿದ್ದಳು. ಎತ್ತಿದ್ದು ಅಪ್ಪ, ಮನೆಗೆ ಬಂದು ಮುಖ ತೊಳೆದು ಮೇಜಿನ ಬಳಿ ಕೂತ ಮೇಲೆ.

"ಅಲ್ಲ ಪುಟ್ಟಿ, ಅಷ್ಟು ಜನರ ಮುಂದೆ ನಿಲ್ಲೋ ಮೊದಲು ಒಂದ್ಸಲ ನೋಡ್ಕೋಬಾರದಿತ್ತಾ? ಆ ಮೇಷ್ಟ್ರು ಹೇಗೆ ಆಡಿಕೊಂಡುಬಿಟ್ಟ."

"ಹ್ಞೂಂ ಅಪ್ಪ. ನನ್ನ ಅವಸರ."

"ನಿನ್ನ ಅವಸರಕ್ಕೆ ಇವಳ ಕೈಬರಹಕ್ಕೂ ಕೆಟ್ಟ ಹೆಸರು ಬರ್ತಿತ್ತು. ಅವಳು ಪಾಪ, ನೀನು ಹೇಳಿದ್ದನ್ನ ಹೇಳಿದ ಹಾಗೆ ಬರೆದಿದಾಳೆ. ಅವಳಿಗೇನು ಗೊತ್ತಾಗಬೇಕು, ಅದು ಆರೋ ಎಂಟೋ ಅಂತ?"

ತಂಗಿ ತಟ್ಟನೆ ತಲೆಯೆತ್ತಿದಳು. ಅಕ್ಕ ನೀರಿನ ಜಗ್ಗು ಹಿಡಿದು ನಿಂತಿದ್ದಳು. ಅಪ್ಪ ತನ್ನ ಪರವಾಗಿ ಮಾತಾಡುತ್ತಿದ್ದಾರೆ ಎಂಬುದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರ ದನಿಯಲ್ಲಿ ಪ್ರೀತಿ ಇತ್ತು, ಅನುಮಾನದ ಸುಳಿವೂ ಇರಲಿಲ್ಲ. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು. ತಂಗಿಯೂ ಬಾಯಿ ಬಿಡುತ್ತಿರಲಿಲ್ಲ. ಪಾಪದವಳಾಗಿ, ಹೇಳಿದ್ದನ್ನು ಬರೆಯುವವಳಾಗಿ, ಆರಕ್ಕೂ ಎಂಟಕ್ಕೂ ವ್ಯತ್ಯಾಸ ತಿಳಿಯದ ಮುತ್ತಿನ ಅಕ್ಷರದವಳಾಗಿ ಇನ್ನುಳಿದ ಕಾಲವನ್ನೂ ಕಳೆಯಬಹುದಿತ್ತು.

"ಗೊತ್ತಿತ್ತು," ಎಂದಳು ಅಕ್ಕ.

"ಏನು?"

"ಅವಳು ಆರು ಅಂತಲೇ ಹೇಳಿದ್ದು. ನಾನೂ ಆರನ್ನೇ ಬರೆದೆ. ಅವಳು ಆಚೆ ಹೋದ ಮೇಲೆ ಅದನ್ನ ಎಂಟು ಮಾಡಿದೆ. ಬೇಕಂತಲೇ."

"ಬೇಡ ಬಿಡಕ್ಕ," ಎಂದಳು ತಂಗಿ ಮೆಲ್ಲಗೆ.

"ನೀನು ಸುಮ್ನಿರೇ. ನೀನು ಮುಚ್ಚಿಟ್ಟಿದ್ದು ಸಾಕು." ಅಕ್ಕ ಅಪ್ಪನ ಕಡೆ ತಿರುಗಿದಳು. "ಅಪ್ಪ, ಅಂಕೆಗಳ ಮೊತ್ತ ನೂರಾ ಹನ್ನೆರಡು. ಮೂರಕ್ಕೆ ಒಂದು ಉಳಿಯುತ್ತೆ. ಎರಡು ಸೇರಿಸಿದ್ರೆ ಭಾಗವಾಗುತ್ತೆ. ಆರನ್ನ ಎಂಟು ಮಾಡೋದು ಎಲ್ಲಕ್ಕಿಂತ ಸುಲಭ, ಅಳಿಸೋದೂ ಬೇಡ. ಲೆಕ್ಕ ಹಾಕಿಯೇ ಮಾಡಿದೆ."

ಅಪ್ಪ ಅವಳನ್ನೇ ನೋಡಿದರು. ಅವರ ಕೆಳದುಟಿ ಸಡಿಲವಾಯಿತು. ಅವರು ಬೈಯುತ್ತಾರೆ ಎಂದು ಅಕ್ಕ ಕಾದಳು; ಬೈಗುಳಕ್ಕೆ ಹೆಗಲು ಗಟ್ಟಿಮಾಡಿಕೊಂಡಳು.

"ಇದನ್ನೆಲ್ಲ ಯಾವಾಗ ಲೆಕ್ಕ ಹಾಕಿದೆ?"

"ಬರೀತಾ ಬರೀತಾನೇ."

"ಬರೀತಾ ಬರೀತಾನಾ? ಕಾಗದ ಇಲ್ಲದೆ?" ಅಪ್ಪ ಮುಂದಕ್ಕೆ ಬಾಗಿದರು. "ಯಾವ ಆರು?"

"ನಾಲ್ಕರ ಬಲಕ್ಕಿದ್ದದ್ದು."

"ಅದೇ ಯಾಕೆ?"

"ಸಾಲಿನ ತುದೀಲಿ ಕಣ್ಣು ಎಚ್ಚರವಾಗಿರುತ್ತೆ. ನಟ್ಟನಡುವೆ ಜಾರಿ ಹೋಗುತ್ತೆ. ಆರು ಆರು ಹತ್ತಿರ ಹತ್ತಿರ ಇದ್ದಲ್ಲಿ ಯಾರೂ ನಿಲ್ಲಲ್ಲ."

ಅಪ್ಪನ ತಲೆ ನಿಧಾನವಾಗಿ ಒಂದು ಕಡೆಗೆ ವಾಲಿತು. ಬದುಕೆಲ್ಲ ಇಂಥ ಜಾಗಗಳಲ್ಲಿ ಅವಿತ ತಪ್ಪುಗಳನ್ನು ಹುಡುಕಿದ ಮನುಷ್ಯ, ಅವನ್ನು ಅಲ್ಲಿ ಅಡಗಿಸಿಟ್ಟವರನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. "ದೊಡ್ಡ ತಪ್ಪು ಮಾಡಿದೀಯ," ಎಂದರು. ಹೇಳಬೇಕಾದದ್ದನ್ನು ಹೇಳಿದರು, ಅಷ್ಟೇ. ಕಣ್ಣು ಇನ್ನೂ ಅವಳ ಮೇಲೇ ಇತ್ತು. "ತಂಗಿಗೆ ಹೀಗೆ ಮಾಡೋದಾ? ಛೆ. ನಾನೂ ಮುಂದೇನೇ ಕೂತಿದ್ದೆ, ನನಗೇ ಕಾಣಲಿಲ್ಲವಲ್ಲ."

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ತಂಗಿ ಎದ್ದು ನಿಂತಿದ್ದಳು. "ಅವಳು ಮಾಡಿದ್ದೇನು ಅಂತ ನಿನಗೆ ಗೊತ್ತಾಯ್ತಾ ಅಪ್ಪ?" ಎಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅಕ್ಕ ಜಗ್ಗನ್ನು ಮೇಜಿನ ಮೇಲಿಟ್ಟು ಅವಳ ಹಿಂದೆಯೇ ಹೋದಳು. ತಂಗಿ ಪೆಟ್ಟಿಗೆ ತೆರೆದು, ಮಡಚಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಮಡಚಿ ಇಡುತ್ತಿದ್ದಳು. ಬೆನ್ನು ತಿರುಗಿಸಿಯೇ ಮಾತಾಡಿದಳು. "ತಪ್ಪು ನಂದು ಅಂತ ಅಲ್ಲಿ ಹೇಳಿದ್ದು ನಿನ್ನ ಉಳಿಸೋಕೆ ಅಂತ ತಿಳ್ಕೊಂಡಿದ್ರೆ ಬಿಟ್ಟುಬಿಡು. ಸ್ವಂತ ಅಕ್ಕನೇ ಹೀಗೆ ಮಾಡಿದಳು ಅಂತ ಹೇಳ್ಕೊಳ್ಳೋಕೆ ನನಗೆ ನಾಚಿಕೆ ಆಯ್ತು, ಅಷ್ಟೇ. ಕಾರಲ್ಲಿ ಬರೋವಾಗ ನಿನ್ನ ತಳ್ಳಿಬಿಡಬೇಕು ಅನ್ನಿಸ್ತು." ಒಂದು ರವಿಕೆಯನ್ನು ಮುದ್ದೆ ಮಾಡಿ ಪೆಟ್ಟಿಗೆಗೆ ತುರುಕಿದಳು. "ಇಡೀ ಹೊತ್ತು ಅಲ್ಲಿ ನಿಂತು ಮಾತಾಡಿದೆ. ಚೆನ್ನಾಗಿತ್ತು ಅಂತ ಒಂದು ಮಾತು ಹೇಳಲಿಲ್ಲ ಅಪ್ಪ. ನಿನ್ನ ಕೇಳ್ತಾರೆ, ಯಾವ ಆರು, ಯಾಕೆ ಅದೇ ಅಂತ." ದನಿ ಒಡೆಯಿತು. ಚಿಕ್ಕವಳಿದ್ದಾಗಲೂ ಅವಳು ಹೀಗೆ ಬೆನ್ನು ತಿರುಗಿಸಿ ಅತ್ತದ್ದನ್ನು ಅಕ್ಕ ಕಂಡಿರಲಿಲ್ಲ. ಅಳುವ ಪಾಳಿ ಯಾವಾಗಲೂ ತನ್ನದೇ ಆಗಿತ್ತು.

ಹೊರಗೆ ಅಪ್ಪ ಒಬ್ಬರೇ ಮೇಜಿನ ಬಳಿ ಏನೋ ಗುಣುಗುಣಿಸುತ್ತಿದ್ದರು. ಮೂರು, ಎಂಟು, ಹದಿನೈದು, ಇಪ್ಪತ್ತೊಂದು. ಬೆಳಗಿನ ಪೇಪರಿನ ಅಂಚನ್ನು ಮುಂದಿಟ್ಟುಕೊಂಡು ಕೂಡುತ್ತಿದ್ದಿರಬೇಕು.

"ಪುಟ್ಟಿ," ಎಂದಳು ಅಕ್ಕ. "ತಪ್ಪಾಯ್ತು ಕಣೇ." ಅದು ಸುಳ್ಳಾಗಿರಲಿಲ್ಲ. ಕೆಂಪಾದ ಆ ಎರಡು ಕಿವಿಗಳು ಅವಳ ಕಣ್ಣ ಮುಂದೆಯೇ ಇದ್ದವು.

ತಂಗಿ ತಿರುಗಿದಳು. ಒದ್ದೆ ಕಣ್ಣಿನಿಂದ ಅಕ್ಕನ ಮುಖವನ್ನು ಹುಡುಕುವ ಹಾಗೆ ನೋಡಿದಳು. ನೋಡುತ್ತ ನೋಡುತ್ತ ಅವಳ ಬಾಯಿ ಸೊಟ್ಟಗಾಯಿತು.

"ಹೋಗಿ ಕನ್ನಡೀಲಿ ನೋಡ್ಕೋ," ಎಂದಳು. "ತಪ್ಪಾಯ್ತು ಅನ್ನೋರ ಮುಖಾನಾ ಇದು?"

ಅಕ್ಕ ಕೈಯೆತ್ತಿ ಕೆನ್ನೆ ಮುಟ್ಟಿಕೊಂಡಳು. ಕೆನ್ನೆ ಬೆಚ್ಚಗಿತ್ತು, ಮೇಲಕ್ಕೆ ಉಬ್ಬಿತ್ತು; ತುಟಿಯ ಎರಡೂ ಕೊನೆಗಳು ಅವಳನ್ನು ಕೇಳದೆಯೇ ಹಿಗ್ಗಿಕೊಂಡಿದ್ದವು. ಗಾಬರಿಯಾಗಿ ಎರಡೂ ಅಂಗೈಗಳಿಂದ ಅದನ್ನು ಕೆಳಕ್ಕೆ ಒತ್ತಿದಳು, ತಂಗಿ ನೋಡುತ್ತಿರುವಾಗಲೇ, ಮತ್ತೆ ಒತ್ತಿದಳು. ನಗು ಇಳಿಯಲಿಲ್ಲ.